ಹನ್ನೆರಡು ಹೆಡೆಯ ಹಾವು ಮತ್ತು ಬೆಳಗಿನ ಜಾವದ ಕನಸು

ಸುಳ್ಯ ತಾಲ್ಲೂಕಿನ ಗುತ್ತಿಗಾರಿನಲ್ಲಿ ಮಳೆಗಾಲದ ಒಂದು ರಾತ್ರಿ ಎಂದಿಟ್ಟುಕೊಳ್ಳಿ. ಬೆಳಗಿನ ಜಾವ ನಿಮಗೊಂದು ಕನಸು. ಅಡಿಕೆ ತೋಟದ ಕಾಲುದಾರಿಯಲ್ಲಿ ಹಾವೊಂದು ಹೆಡೆಯೆತ್ತಿ ನಿಮ್ಮತ್ತಲೇ ಬರುತ್ತಿದೆ. ಓಡಬೇಕೆಂದರೆ ಕಾಲು ಏಳುವುದಿಲ್ಲ. ಬೆಚ್ಚಿ ಎದ್ದು ಕುಳಿತಾಗ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಅರೆಭಾಷೆಯಲ್ಲೋ ತುಳುವಿನಲ್ಲೋ ಮನೆಯವರಿಗೆ ಹೇಳುತ್ತೀರಿ. ಅದು ನಾಗಬನಗಳ ನಾಡು, ಕುಕ್ಕೆ ಸುಬ್ರಹ್ಮಣ್ಯವೂ ದೂರವಿಲ್ಲ. ‘ಬೆಳಗಿನ ಜಾವದ ಕನಸು ನಿಜವಾಗುತ್ತದೆ’ ಎಂದು ಹಿರಿಯರೊಬ್ಬರು ಹೇಳಿದರೆ ಸಾಕು, ಆ ಹಾವು ವಾರಗಟ್ಟಲೆ ಮನಸ್ಸನ್ನು ಬಿಡದು.

ಕನಸಿಗೆ ಇಷ್ಟು ಬಲ ಬಂದದ್ದು ಎಲ್ಲಿಂದ? ಉತ್ತರಕ್ಕಾಗಿ ಮೊದಲು ಶ್ರವಣಬೆಳಗೊಳಕ್ಕೆ ಹೋಗೋಣ. ಅಲ್ಲಿನ ಇತಿಹಾಸದಲ್ಲೂ ಕನಸಿನ ಹಾವೊಂದಿದೆ.

ರಾಜನ ಹದಿನಾರು ಕನಸುಗಳು

ಹತ್ತೊಂಬತ್ತನೆಯ ಶತಮಾನದಲ್ಲಿ ದೇವಚಂದ್ರನು ಕನ್ನಡದಲ್ಲಿ ಬರೆದ ‘ರಾಜಾವಳೀಕಥೆ’ಯಲ್ಲಿ ಈ ಪ್ರಸಂಗ ಬರುತ್ತದೆ. ಪಾಟಲೀಪುತ್ರದ ರಾಜ ಚಂದ್ರಗುಪ್ತನಿಗೆ ಒಂದೇ ರಾತ್ರಿ ಹದಿನಾರು ಕನಸುಗಳು ಬಿದ್ದುವಂತೆ. ಮುಳುಗುವ ಸೂರ್ಯ, ಮುರಿದುಬೀಳುವ ಕಲ್ಪವೃಕ್ಷದ ಕೊಂಬೆ, ಬತ್ತಿದ ಕೆರೆ, ಸಿಂಹಾಸನವೇರಿದ ಕಪಿ, ಚಿನ್ನದ ಬಟ್ಟಲಲ್ಲಿ ಪಾಯಸ ತಿನ್ನುವ ನಾಯಿ. ಕೊನೆಯದು, ತನ್ನತ್ತ ಬರುತ್ತಿರುವ ಹನ್ನೆರಡು ಹೆಡೆಯ ಹಾವು. ಕಳವಳಗೊಂಡ ರಾಜ ಭದ್ರಬಾಹು ಮುನಿಯನ್ನು ಕೇಳಿದ. ಹನ್ನೆರಡು ಹೆಡೆ ಎಂದರೆ ಹನ್ನೆರಡು ವರ್ಷದ ಕ್ಷಾಮ ಎಂದು ಮುನಿ ಅರ್ಥ ಹೇಳಿದರು. ರಾಜನು ಮಗನಿಗೆ ರಾಜ್ಯ ಕೊಟ್ಟು ದೀಕ್ಷೆ ಪಡೆದು, ಮುನಿಸಂಘದೊಡನೆ ದಕ್ಷಿಣಕ್ಕೆ ಬಂದ.

ಈಗ ಚಂದ್ರಗಿರಿ ಬೆಟ್ಟದ ಬಂಡೆಯನ್ನು ನೋಡೋಣ. ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ 1889ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಅತಿ ಹಳೆಯದು ಸುಮಾರು ಕ್ರಿ.ಶ. 600ರದು. ಭದ್ರಬಾಹು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷದ ವಿಪತ್ತನ್ನು ಮೊದಲೇ ತಿಳಿಸಿದರು, ಸಂಘ ದಕ್ಷಿಣಕ್ಕೆ ಹೊರಟಿತು ಎಂದು ಅದು ಹೇಳುತ್ತದೆ. ಅವರು ತಿಳಿದದ್ದು ‘ಅಷ್ಟಾಂಗ ಮಹಾನಿಮಿತ್ತ’ ಜ್ಞಾನದಿಂದ. ಆ ಎಂಟು ಅಂಗಗಳಲ್ಲಿ ಸ್ವಪ್ನವೂ ಒಂದು, ನಿಜ. ಆದರೆ ರಾಜನ ಹದಿನಾರು ಕನಸುಗಳಾಗಲಿ ಹಾವಾಗಲಿ ಈ ಶಾಸನದಲ್ಲಿಲ್ಲ!

ಚಂದ್ರಗುಪ್ತ ಮೌರ್ಯ ಪಟ್ಟವೇರಿದ್ದು ಸುಮಾರು ಕ್ರಿ.ಪೂ. 321ರಲ್ಲಿ. ಶಾಸನ ಬಂದದ್ದು ಅದಾಗಿ ಒಂಬತ್ತು ಶತಮಾನಗಳ ಮೇಲೆ. ಕಥೆಯ ಚಂದ್ರಗುಪ್ತ ಅವನೇ ಎಂಬ ಬಗೆಗೂ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಒಂದಂತೂ ಸ್ಪಷ್ಟ: ಹೆಡೆಗಳ ಎಣಿಕೆಯನ್ನು ಬರೆದವರಿಗೆ ಕ್ಷಾಮದ ವರ್ಷಗಳ ಎಣಿಕೆ ಮೊದಲೇ ಗೊತ್ತಿತ್ತು.

ನಿದ್ರೆಯೊಳಗಿನ ಎಚ್ಚರ

ಕನಸು ಪ್ರಯೋಗಶಾಲೆಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಶಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೀಟ್‌ಮನ್ 1953ರಲ್ಲಿ ಒಂದು ವಿಚಿತ್ರವನ್ನು ವರದಿ ಮಾಡಿದರು. ನಿದ್ರಿಸುವವರ ಕಣ್ಣುಗುಡ್ಡೆಗಳು ಆಗಾಗ ರೆಪ್ಪೆಯಡಿ ಚುರುಕಾಗಿ ಚಲಿಸುತ್ತವೆ. ಆಗ ಎಬ್ಬಿಸಿದರೆ ಹೆಚ್ಚಿನವರು ಕನಸನ್ನು ವಿವರಿಸುತ್ತಾರೆ. ಇದೇ ‘ರೆಮ್’ ನಿದ್ರೆ. ಸುಮಾರು 90 ನಿಮಿಷಕ್ಕೊಮ್ಮೆ ಬರುವ ಇದು ರಾತ್ರಿ ಕಳೆದಂತೆ ದೀರ್ಘವಾಗುತ್ತದೆ. ಬೆಳಗಿನ ಜಾವದ ಕನಸು ಉದ್ದವಾಗಿ, ನೆನಪಿನಲ್ಲಿ ಉಳಿಯುವುದೇಕೆಂದು ತಿಳಿಯಿತಲ್ಲವೆ?

ಓಡಲು ಕಾಲು ಏಳಲಿಲ್ಲವೇಕೆ? ರೆಮ್ ನಿದ್ರೆಯಲ್ಲಿ ದೇಹದ ಸ್ನಾಯುಗಳು ಸಡಿಲವಾಗಿ ಚಲನೆ ನಿಂತಿರುತ್ತದೆ. ಫ್ರಾನ್ಸ್‌ನ ಮಿಶೆಲ್ ಜೂವೆ 1959ರ ವೇಳೆಗೆ ಬೆಕ್ಕುಗಳಲ್ಲಿ ಇದನ್ನು ತೋರಿಸಿದ್ದರು. ಕನಸಿನ ಜಡತೆಗೆ ಇದೂ ಕಾರಣವಿರಬಹುದು. ಅಷ್ಟೊಂದು ಭಯವೇಕೆ? ಭಾವನೆಗಳಿಗೆ, ಅದರಲ್ಲೂ ಭಯಕ್ಕೆ, ಸಂಬಂಧಿಸಿದ ‘ಅಮಿಗ್ಡಲ’ ಎಂಬ ಮಿದುಳಿನ ಭಾಗ ಆಗ ಚುರುಕಾಗಿರುತ್ತದೆ, ವಿವೇಚನೆಗೆ ನೆರವಾಗುವ ಹಣೆಯ ಹಿಂದಿನ ಕೆಲವು ಭಾಗಗಳು ಮಂದವಾಗಿರುತ್ತವೆ ಎಂದು 1996ರಿಂದೀಚೆಗೆ ಮಿದುಳಿನ ಚಿತ್ರಣಗಳು ತೋರಿಸಿವೆ. ಸಾಮಾನ್ಯ ಕನಸುಗಳು ಮರೆತುಹೋಗುತ್ತವೆ. ಬೆಚ್ಚಿ ಎಚ್ಚರಗೊಳಿಸಿದ ಕನಸು ನೆನಪಿನಲ್ಲಿ ನಾಟುತ್ತದೆ.

ಒಂದು ಲೆಕ್ಕ ಹಾಕಿ. ರಾತ್ರಿಗೆ ನಾಲ್ಕು ರೆಮ್ ಅವಧಿ ಎಂದರೂ ವರ್ಷಕ್ಕೆ 1460. ಅಷ್ಟರಲ್ಲಿ ಒಂದು ಕನಸು ಮುಂದಿನ ಯಾವುದೋ ಘಟನೆಗೆ ಹೊಂದಿದರೆ ಅಚ್ಚರಿಯಿಲ್ಲ. ಹೊಂದಿದ್ದನ್ನು ಊರೆಲ್ಲ ಹೇಳುತ್ತೇವೆ, ಹೊಂದದ 1459ನ್ನು ಯಾರೂ ಹೇಳುವುದಿಲ್ಲ.

ಹಾಗಾದರೆ ಕನಸಿಗೆ ಬೆಲೆಯೇ ಇಲ್ಲವೆ? ಇದೆ. ಅದು ನಾಳೆಯ ಸುದ್ದಿ ತರದಿದ್ದರೂ ಇಂದಿನ ಅಳಲಿನ ಸುಳಿವು ಕೊಡಬಹುದು. ಅಪಘಾತ, ಸಾವು, ಹಿಂಸೆ ಕಂಡವರಿಗೆ ಒಂದೇ ದುಃಸ್ವಪ್ನ ಮರುಕಳಿಸುವುದುಂಟು. ಅಂಥವರಿಗೆ ಚಿಕಿತ್ಸೆಯೂ ಇದೆ: ಕನಸಿನ ಕಥೆಯನ್ನು ತಮಗೆ ಬೇಕಾದಂತೆ ಬದಲಿಸಿ, ಹಗಲಿನಲ್ಲಿ ಮತ್ತೆ ಮತ್ತೆ ಮನಸ್ಸಿನಲ್ಲಿ ನಡೆಸಿ ನೋಡುವುದು. ಇದು ಅನೇಕರಿಗೆ ನೆರವಾಗುತ್ತದೆಂದು 2001ರ ಒಂದು ಅಧ್ಯಯನ ತೋರಿಸಿತು. ವಿದ್ಯಾರ್ಥಿಯೊಬ್ಬ ಪದೇ ಪದೇ ಕೆಟ್ಟ ಕನಸಿಗೆ ಬೆದರುತ್ತಿದ್ದರೆ, ಶಿಕ್ಷಕರೇ, ನಗಬೇಡಿ. ಅವನ ಹಗಲು ಹೇಗಿದೆ ಎಂದು ಕೇಳಿ. ಅಗತ್ಯವಿದ್ದರೆ ಮನೋವೈದ್ಯರಲ್ಲಿಗೆ ಕಳುಹಿಸಿ.

ನೀವೇ ಮಾಡಿ ನೋಡಿ

ಹಾಸಿಗೆಯ ಪಕ್ಕದಲ್ಲಿ ನೋಟುಪುಸ್ತಕ ಇಡಿ. ಎದ್ದ ಕೂಡಲೇ ಕನಸನ್ನು, ದಿನಾಂಕವನ್ನು ಬರೆಯಿರಿ. ಅದು ಏನನ್ನು ಸೂಚಿಸುತ್ತದೆಂದು ಅನ್ನಿಸಿದರೆ ಅದನ್ನೂ ಆಗಲೇ ಬರೆಯಿರಿ, ಆಮೇಲೆ ತಿದ್ದಬೇಡಿ. ಮೂರು ತಿಂಗಳ ನಂತರ ಎಷ್ಟು ನಿಜವಾಯಿತು, ಎಷ್ಟು ಆಗಲಿಲ್ಲ ಎಂದು ಎಣಿಸಿ. ಚಂದ್ರಗುಪ್ತನ ಕನಸಿಗೆ ಇಲ್ಲದಿದ್ದುದು ಇಂಥದೊಂದು ನೋಟುಪುಸ್ತಕವೇ.