ಬಾಗಲು ಕಲಿತ ತಿರುಪು

ಬೆನ್ನಿನ ಆಪರೇಷನ್ ಎಂದರೆ ನಮ್ಮ ಕಡೆ ಈಗಲೂ ಒಂದು ದಿಗಿಲು. ಕಾಲು ಮುರಿದು ರಾಡು ಹಾಕಿಸಿಕೊಂಡವರನ್ನು ಯಾರೂ ವಿಶೇಷವಾಗಿ ನೋಡುವುದಿಲ್ಲ. ಬೆನ್ನಿಗೆ ಸ್ಕ್ರೂ ಹಾಕುತ್ತಾರಂತೆ ಎಂದ ಕೂಡಲೇ ಮನೆಮಂದಿಯ ಮುಖ ಬಾಡುತ್ತದೆ. "ಟೀಚರೇ, ಮತ್ತೆ ಬಗ್ಗಲಿಕ್ಕೆ ಆಗ್ತದಾ?" ಎಂದು ನನ್ನಲ್ಲಿ ಕೇಳಿದವರಿದ್ದಾರೆ. ನಾನು ಡಾಕ್ಟರಲ್ಲ, ಶಾಲೆಯಲ್ಲಿ ಪಾಠ ಹೇಳುವವಳು. ಆದರೂ ಆ ಪುಟ್ಟ ಸ್ಕ್ರೂವಿನ ಚರಿತ್ರೆಯನ್ನು ಓದುತ್ತ ಹೋದಂತೆ, ಇದನ್ನು ನಾವು ಹೆಂಗಸರು ತಿಳಿದುಕೊಂಡಿರುವುದು ಒಳ್ಳೆಯದು ಅನ್ನಿಸಿತು.

ಬೆನ್ನು ನಮ್ಮೂರಿನ ದೊಡ್ಡ ಬಂಡವಾಳ. ಇನ್ನಂಜೆ, ಶಂಕರಪುರದ ಕಡೆ ಮಲ್ಲಿಗೆ ಗಿಡವಿಲ್ಲದ ಹಿತ್ತಲು ಕಡಿಮೆ. ಬೆಳಗಾಗುವ ಮೊದಲೇ ಬಗ್ಗಿ ಮೊಗ್ಗು ಕೊಯ್ಯಬೇಕು, ಆಮೇಲೆ ಕುಳಿತು ಬಾಳೆನಾರಿನಲ್ಲಿ ಕಟ್ಟಬೇಕು. ಒಂದು ಚೆಂಡಿಗೆ ಎಂಟುನೂರು ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟಿ. ಗಂಡಸರ ಕಷ್ಟ ಬೇರೆ ಬಗೆಯದು. ತೆಂಗಿನ ಮರದಿಂದ ಬಿದ್ದು ಬೆನ್ನು ಮುರಿದುಕೊಂಡವರ ಕಥೆ ಕರಾವಳಿಯ ಯಾವ ಊರಿನಲ್ಲೂ ಸಿಗುತ್ತದೆ. ಸೇತುವೆಗಳಾಗುವ ಮೊದಲು ಅಂಥವರನ್ನು ಮಂಗಳೂರಿಗೆ ಒಯ್ಯಲು ಮೂಲ್ಕಿ, ಪಾವಂಜೆ, ಕೂಳೂರು ಹೊಳೆಗಳನ್ನು ದಾಟಬೇಕಿತ್ತು. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದರು. ಮುಂದೆ ಅಲ್ಲಿ ಬೆಳೆದ ಆಸ್ಪತ್ರೆಯಿಂದ ನಮಗೆ ಆ ದೂರ ಕಡಿಮೆಯಾಯಿತು.

ಆದರೆ ಆಸ್ಪತ್ರೆ ಹತ್ತಿರ ಬಂದರೆ ಸಾಲದು, ಮಾಡಲಿಕ್ಕೆ ಉಪಾಯವೂ ಇರಬೇಕಲ್ಲ? ಮುರಿದ ಬೆನ್ನಿಗೆ ಪ್ರಪಂಚದಲ್ಲೆಲ್ಲ ಬಹುಕಾಲ ಇದ್ದ ಉಪಾಯ ಒಂದೇ: ತಿಂಗಳುಗಟ್ಟಲೆ ಅಲುಗಾಡದೆ ಮಲಗುವುದು. 1891ರಲ್ಲಿ ಅಮೆರಿಕದ ಹಾಡ್ರಾ ಎಂಬ ವೈದ್ಯರು ಕುತ್ತಿಗೆಯ ಮೂಳೆಗಳನ್ನು ತಂತಿಯಿಂದ ಬಿಗಿದು ನೋಡಿದರು. 1911ರಲ್ಲಿ ನ್ಯೂಯಾರ್ಕಿನ ಹಿಬ್ಸ್ ಮತ್ತು ಆಲ್ಬೀ ಬೇರೆ ಬೇರೆಯಾಗಿ ಇನ್ನೊಂದು ದಾರಿ ಕಂಡುಕೊಂಡರು. ಬೆನ್ನಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುವಂತೆ ಮಾಡುವುದು ಅವರ ವಿಧಾನ. ಕ್ಷಯದಿಂದ ಕರಗಿದ ಬೆನ್ನಿಗೆ ಆಲ್ಬೀ ಮೊಣಕಾಲ ಕೆಳಗಿನ ಎಲುಬಿನ ತುಂಡನ್ನೇ ತೆಗೆದು ನೆಟ್ಟರು. ಬೆಸುಗೆ ಕೂಡುವ ತನಕ ರೋಗಿ ಪ್ಲಾಸ್ಟರಿನಲ್ಲಿ ಮಲಗಲೇಬೇಕಿತ್ತು.

ಆ ಮಲಗುವಿಕೆಯನ್ನು ತಪ್ಪಿಸಲು ಒಳಗಿನಿಂದಲೇ ಆಧಾರ ಬೇಕು. ಹ್ಯೂಸ್ಟನ್ನಿನ ಪಾಲ್ ಹ್ಯಾರಿಂಗ್ಟನ್ ಪೋಲಿಯೋದಿಂದ ಬೆನ್ನು ಸೊಟ್ಟಗಾದ ಮಕ್ಕಳಿಗಾಗಿ ಕೊಕ್ಕೆ ಮತ್ತು ಸರಳಿನ ವ್ಯವಸ್ಥೆ ಮಾಡಿ 1962ರಲ್ಲಿ ಪ್ರಕಟಿಸಿದರು. ಕೊಕ್ಕೆಯ ಹಿಡಿತ ಮೂಳೆಯ ಹಿಂಭಾಗದಲ್ಲಿ ಮಾತ್ರ. ಪ್ಯಾರಿಸಿನ ರೇಮಂಡ್ ರಾಯ್-ಕಮೀಯ್ 1963ರಲ್ಲಿ ಪೆಡಿಕಲ್ ಎಂಬ ಜಾಗದ ಮೂಲಕ ಸ್ಕ್ರೂ ಇಳಿಸಿದರು. ಬೆನ್ನಿನ ಪ್ರತಿ ಮೂಳೆಗೂ ಮುಂದೆ ದಪ್ಪನೆಯ ದಿಮ್ಮಿ, ಹಿಂದೆ ಕಮಾನು. ಇವೆರಡನ್ನು ಕೂಡಿಸುವ ಎಡ ಬಲದ ಪುಟ್ಟ ಕಂಬಗಳೇ ಪೆಡಿಕಲ್. ಹೂವಿಗೆ ತೊಟ್ಟು ಇದ್ದ ಹಾಗೆ. ಮಲ್ಲಿಗೆ ಕಟ್ಟುವವರಿಗೆ ಗೊತ್ತು, ನಾರು ಬಿಗಿಯಬೇಕಾದ್ದು ತೊಟ್ಟಿಗೆ. ಆದರೆ ಈ ತೊಟ್ಟಿನ ಒಳಬದಿಯಲ್ಲೇ ಬೆನ್ನುಹುರಿಯೂ ನರಗಳೂ ಇವೆ. ಸ್ಕ್ರೂ ಕೆಲವೇ ಮಿಲಿಮೀಟರ್ ಅತ್ತಿತ್ತ ಹೋದರೂ ಅಪಾಯ.

ರಾಯ್-ಕಮೀಯ್ ಅವರ ಸ್ಕ್ರೂಗಳು ತೂತುಗಳಿದ್ದ ಪಟ್ಟಿಯ ಮೂಲಕ ಇಳಿಯುತ್ತಿದ್ದವು. ತೊಡಕು ಅಲ್ಲೇ. ಬಾಗಿಲಿನ ಬಿಜಾಗರಿಯ ತೂತು ಎಲ್ಲಿದೆಯೋ ಅಲ್ಲೇ ಆಚಾರಿ ತಿರುಪು ಹಾಕಬೇಕು. ಮರವಾದರೆ ಕೆತ್ತಿ ಸರಿಮಾಡಬಹುದು, ಮನುಷ್ಯರ ಬೆನ್ನು ಹಾಗಲ್ಲ. ಸೊಂಟದ ಮೇಲಿನ ಮೂಳೆಯಲ್ಲಿ ಪೆಡಿಕಲ್ ಒಳಮುಖವಾಗಿ ವಾಲಿರುವುದು ಸುಮಾರು 10 ಡಿಗ್ರಿ, ಅತಿ ಕೆಳಗಿನದರಲ್ಲಿ 25ರ ಆಸುಪಾಸು. ಒಬ್ಬರ ಹಾಗೆ ಇನ್ನೊಬ್ಬರದಿಲ್ಲ. 1980ರ ದಶಕದಲ್ಲಿ ಕ್ಲೀವ್‌ಲ್ಯಾಂಡಿನ ಆರ್ಥರ್ ಸ್ಟೆಫಿ ತೂತಿನ ಬದಲು ಉದ್ದನೆಯ ಸೀಳಿದ್ದ ಪಟ್ಟಿ ತಂದರು. ಸ್ಕ್ರೂ ಬೇಕಾದಲ್ಲಿ ಕೂರುವಂತಾಯಿತು. ಅದೇ ದಶಕದಲ್ಲಿ ಫ್ರಾನ್ಸಿನ ಕೊತ್ರೆಲ್ ಮತ್ತು ದ್ಯುಬೂಸೆ ಬಾಗಿಸಿದ ಸರಳಿಗೆ ಹಲವು ಕೊಕ್ಕೆ, ಸ್ಕ್ರೂಗಳನ್ನು ಕೂಡಿಸಿದರು. ಆದರೂ ಪ್ರತಿ ಸ್ಕ್ರೂವಿನ ತಲೆಯ ನೇರಕ್ಕೆ ಸರಳನ್ನು ಬಗ್ಗಿಸುವ ಪಾಡು ತಪ್ಪಲಿಲ್ಲ. ಒತ್ತಾಯದಿಂದ ಎಳೆದು ಕೂಡಿಸಿದರೆ ಭಾರವೆಲ್ಲ ಮೂಳೆಯ ಮೇಲೆ.

1990ರ ದಶಕದ ಆರಂಭದಲ್ಲಿ ಜರ್ಮನಿಯ ಬೀಡರ್‌ಮನ್ ಮತ್ತು ಡಾ. ಹಾರ್ಮ್ಸ್ ರೂಪಿಸಿದ ಸ್ಕ್ರೂವಿನ ತಲೆ ಚೆಂಡಿನಂತೆ ಗುಂಡಗಿತ್ತು. ಅದರ ಮೇಲೊಂದು ಬಟ್ಟಲು ಕೂರುತ್ತದೆ. ಏಳನೇ ತರಗತಿಯ ಮಗುವಿಗೂ ಗೊತ್ತಿರುವ ಚೆಂಡು ಮತ್ತು ಗುಳಿ ಕೀಲು, ನಮ್ಮ ಹೆಗಲಿನದೇ ಉಪಾಯ. ಸ್ಕ್ರೂ ಮೂಳೆಯ ಓರೆಗೆ ತಕ್ಕಂತೆ ಇಳಿಯಲಿ, ಬಟ್ಟಲು ಸರಳಿನ ಕಡೆ ವಾಲಲಿ. ಎಲ್ಲ ಸರಿಹೊಂದಿದ ಮೇಲೆ ಮೇಲಿನಿಂದ ಒಂದು ಸಣ್ಣ ತಿರುಪು ಬಿಗಿದರೆ ಎಲ್ಲವೂ ಗಟ್ಟಿ. ಮೂವತ್ತು ವರ್ಷ ಮೂಳೆಯೇ ಲೋಹಕ್ಕೆ ಹೊಂದಿಕೊಳ್ಳಬೇಕಿತ್ತು, ಈಗ ಲೋಹ ಮೂಳೆಗೆ ಹೊಂದಿಕೊಂಡಿತು.

ಬಾಗುವ ಸ್ಕ್ರೂ ಎಂದರೆ ಅಲ್ಲಿ ಬೆನ್ನು ಬಾಗುತ್ತದೆ ಎಂದಲ್ಲ. ಆ ವಾಲುವಿಕೆ ಆಪರೇಷನ್ ಮುಗಿಯುವ ತನಕ ಮಾತ್ರ. ಬೆಸೆದ ಜಾಗ ಮತ್ತೆ ಅಲುಗದು. ಒಂದೆರಡು ಮೂಳೆ ಬೆಸೆದವರು ಉಳಿದ ಕೀಲುಗಳಿಂದ, ಮುಖ್ಯವಾಗಿ ಸೊಂಟದ ಕೀಲಿನಿಂದ, ಬಗ್ಗುತ್ತಾರೆ. ಇನ್ನೊಂದು ಮಾತು: ಸ್ಕ್ರೂ ಕಾಯಂ ಆಧಾರವಲ್ಲ, ಬೆಸುಗೆ ಕೂಡುವ ತನಕದ ಕಾವಲು. ಮೂಳೆ ಕೂಡದಿದ್ದರೆ ಎಂಥ ಲೋಹವೂ ದಣಿದು ಸಡಿಲವಾಗುತ್ತದೆ, ಮುರಿಯುತ್ತದೆ.

ಈ ಚರಿತ್ರೆಯಲ್ಲಿ ಕಹಿಯೂ ಇದೆ. ಅಮೆರಿಕದಲ್ಲಿ ಸರಕಾರದ ಒಪ್ಪಿಗೆ ಬೇರೆ ಉಪಯೋಗಗಳಿಗೆ ಇದ್ದಾಗಲೇ ಈ ಸ್ಕ್ರೂಗಳನ್ನು ಪೆಡಿಕಲ್‌ಗೆ ಹಾಕುವುದು ಹಬ್ಬಿತ್ತು. ನೋವು ಉಳಿದವರು 1993ರ ಬಳಿಕ ಸಾವಿರಗಟ್ಟಲೆ ದಾವೆ ಹೂಡಿದರು. ಒಂದು ಕಂಪೆನಿ 10 ಕೋಟಿ ಡಾಲರಿಗೆ ರಾಜಿಯಾಯಿತು. ಪರಿಶೀಲನೆಯ ನಂತರ 1998ರಲ್ಲಿ ನಿರ್ದಿಷ್ಟ ತೊಂದರೆಗಳಿಗೆ ಒಪ್ಪಿಗೆ ಸಿಕ್ಕಿತು. ಸಾಧನ ಒಳ್ಳೆಯದೇ. ಬೇಕಾದವರಿಗೆ ಮಾತ್ರ ಬೇಕಾದಾಗ ಹಾಕಿದರೋ ಎನ್ನುವುದೇ ಪ್ರಶ್ನೆ. ನಮ್ಮ ದೇಶದಲ್ಲೇ ಇದಕ್ಕೊಂದು ಒಳ್ಳೆಯ ಪಾಠವಿದೆ. ಬನಾರಸಿನ ಡಾ. ಎಸ್.ಎಂ. ತುಲಿ ಬೆನ್ನಿನ ಕ್ಷಯಕ್ಕೆ 'ಮಧ್ಯಮ ಮಾರ್ಗ'ವೊಂದನ್ನು ಅನುಸರಿಸಿ, ಅದರ ಫಲಿತಾಂಶವನ್ನು 1975ರಲ್ಲಿ ಪ್ರಕಟಿಸಿದರು. ಮೊದಲು ಮದ್ದು, ಅಗತ್ಯ ಬಿದ್ದವರಿಗಷ್ಟೇ ಕತ್ತಿ.

ನಮ್ಮ ವಯಸ್ಸಿನ ಹೆಂಗಸರಿಗೆ ಇನ್ನೊಂದು ಎಚ್ಚರ ಬೇಕು. ಮುಟ್ಟು ನಿಂತ ಮೇಲೆ ಮೂಳೆ ಒಳಗಿಂದೊಳಗೆ ಟೊಳ್ಳಾಗುತ್ತ ಹೋಗುತ್ತದೆ. ಗೆದ್ದಲು ತಿಂದ ಮರದಲ್ಲಿ ತಿರುಪು ನಿಲ್ಲುತ್ತದೆಯೇ? ಅಂಥ ಮೂಳೆಗಾಗಿ ಒಳಗೆ ಹೋದ ಮೇಲೆ ಅಗಲವಾಗುವ ಸ್ಕ್ರೂ, ಸಿಮೆಂಟು ಹರಿಸಲು ತೂತುಗಳಿರುವ ಸ್ಕ್ರೂ ಬಂದಿವೆ. ಹಾಗೆಂದು ಮೂಳೆಯನ್ನು ನಾವು ಮರೆಯುವಂತಿಲ್ಲ. ಮನೆಮಂದಿಯ ಹಾಲು, ಮದ್ದು ನೆನಪಿಡುವ ನಾವು ನಮ್ಮ ಬೆನ್ನುನೋವನ್ನು "ಇರಲಿ, ಕೆಲಸ ಮುಗಿಯಲಿ" ಎಂದು ಮುಂದೂಡುತ್ತೇವೆ.

ಡಾಕ್ಟರ ಮುಂದೆ ಕುಳಿತಾಗ ಸುಮ್ಮನೆ ತಲೆಯಾಡಿಸದೆ ನಾಲ್ಕು ಮಾತು ಕೇಳೋಣ. ಈ ಆಪರೇಷನ್ ಈಗಲೇ ಬೇಕೇ, ಮದ್ದು ವ್ಯಾಯಾಮದಲ್ಲಿ ನೋಡಬಹುದೇ? ಎಷ್ಟು ಮೂಳೆ ಬೆಸೆಯುತ್ತೀರಿ? ನನ್ನ ಮೂಳೆಯ ಬಲ ಪರೀಕ್ಷಿಸಿದ್ದೀರಾ? ಮಾಡಿಸದಿದ್ದರೆ ಏನಾಗುತ್ತದೆ? ಉಕ್ಕಿನ ತಿರುಪನ್ನೇ ಬೆನ್ನಿಗೆ ತಕ್ಕಂತೆ ವಾಲಿಸಿಕೊಂಡ ವಿದ್ಯೆ ಇದು. ನಮ್ಮ ಪ್ರಶ್ನೆಗೆ ಸ್ವಲ್ಪ ಹೊತ್ತು ಕಿವಿಗೊಡುವುದು ಅದಕ್ಕೆ ಕಷ್ಟವಾಗಬಾರದು.