ಅಂಡಿಗೆಯ ಮೇಲಿನ ಅಕ್ಷರ: ಬೈಲಹೊಂಗಲ ಸೀಮೆಯ ಪೇಟೆಗಳಲ್ಲಿ ನಂಬಿಕೆಯ ಇತಿಹಾಸ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗಗಳು ಮಲಪ್ರಭೆಯ ಆಸುಪಾಸಿನ ಎರೆಭೂಮಿಯನ್ನು ಹಂಚಿಕೊಂಡಿರುವ ಊರುಗಳು. ಬ್ರಿಟಿಷ್ ದಾಖಲೆಗಳಲ್ಲಿ ಬೈಲಹೊಂಗಲ ಭಾಗವು ಸಂಪಗಾವಿ ತಾಲ್ಲೂಕೆಂದೂ ಸವದತ್ತಿ ಭಾಗವು ಪರಸಗಡ ತಾಲ್ಲೂಕೆಂದೂ ಕಾಣಿಸಿಕೊಂಡರೆ, ರಾಮದುರ್ಗವು 1948ರ ವಿಲೀನದವರೆಗೆ ಬೇರೆಯೇ ಸಂಸ್ಥಾನವಾಗಿತ್ತು. ಈ ನೆಲದ ಮುಖ್ಯ ಸರಕಾದ ಹತ್ತಿಯು ಬೆಳೆದ ಊರಲ್ಲೇ ಬಳಕೆಯಾಗಿ ಮುಗಿಯುತ್ತಿರಲಿಲ್ಲ. ಘಟ್ಟವಿಳಿದು, ಹಡಗೇರಿ, ಹೊಲವನ್ನೂ ಒಕ್ಕಲಿಗನನ್ನೂ ಎಂದೂ ಕಾಣದ ಗಿರಾಕಿಯ ಕೈ ಸೇರುತ್ತಿತ್ತು. ಎದುರಿಗಿಲ್ಲದ ಮಾರಾಟಗಾರನನ್ನು ಕೊಳ್ಳುವವನು ನಂಬಬೇಕಾದರೆ ಸರಕಿನ ಜೊತೆಗೆ ಬರಹವೊಂದು ಹೋಗಲೇಬೇಕು. ಆ ಬರಹಕ್ಕೆ ಬೆಲೆ ಬಂದದ್ದು ಅದರಲ್ಲಿ ಎಷ್ಟು ಹೊಗಳಿಕೆಯಿದೆ ಎಂಬುದರಿಂದಲ್ಲ, ಅದು ಸುಳ್ಳಾದಾಗ ಯಾರನ್ನು ಹಿಡಿದು ಕೇಳಬಹುದು ಎಂಬುದರಿಂದ ಎಂಬ ಮಾತಿಗೆ ಈ ಸೀಮೆಯ ವ್ಯಾಪಾರದ ಇತಿಹಾಸದಲ್ಲಿ ಸಾಕಷ್ಟು ಪುರಾವೆ ಸಿಗುತ್ತದೆ.

ಇಂಥ ಬರಹದ ಹಳೆಯ ರೂಪ ಕಲ್ಲಿನ ಶಾಸನ. ಸವದತ್ತಿಯು ಸುಗಂಧವರ್ತಿ ಎಂಬ ಹೆಸರಿನಲ್ಲಿ ರಟ್ಟ ಅರಸರ ರಾಜಧಾನಿಯಾಗಿದ್ದು, ಮುಂದೆ ಅವರ ಆಳ್ವಿಕೆಯ ಕೇಂದ್ರ ವೇಣುಗ್ರಾಮಕ್ಕೆ, ಅಂದರೆ ಈಗಿನ ಬೆಳಗಾವಿಗೆ ಸ್ಥಳಾಂತರಗೊಂಡಿತು. ನಾಲ್ಕನೆಯ ಕಾರ್ತವೀರ್ಯನ ಕಾಲದ, 1204ರ ಬೆಳಗಾವಿಯ ಎರಡು ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ರಟ್ಟ ಜಿನಾಲಯಕ್ಕೆ ಸಂದ ದತ್ತಿಗಳನ್ನು ದಾಖಲಿಸುವ ಈ ಶಾಸನಗಳಲ್ಲಿ ರಟ್ಟರ ಆಳ್ವಿಕೆಯ ಕೂಂಡಿ ನಾಡಿನ ವರ್ತಕರ ಜೊತೆಗೆ ಲಾಳ ಮತ್ತು ಮಲೆಯಾಳ ದೇಶಗಳಿಂದ ಬಂದ ವರ್ತಕರೂ ಕಾಣಿಸಿಕೊಂಡು, ಪೇಟೆಗೆ ಬರುವ ಸರಕಿನ ಮೇಲೆ ಇಂತಿಷ್ಟು ಸಲ್ಲಬೇಕೆಂದು ಒಪ್ಪಿಕೊಳ್ಳುತ್ತಾರೆ. ಮೇಲ್ನೋಟಕ್ಕೆ ಇದು ಧರ್ಮಕಾರ್ಯದ ದಾಖಲೆಯಾದರೂ, ಪರಸ್ಥಳದ ವ್ಯಾಪಾರಿಯೊಬ್ಬನು ಊರಿನ ದೇವರ ಎದುರು, ತನ್ನ ಹೆಸರು ಕೆತ್ತಿಸಿ, ಹೊಣೆ ಹೊತ್ತಿದ್ದಾನೆ ಎಂಬ ಸಾರ್ವಜನಿಕ ಪ್ರಕಟಣೆಯೂ ಹೌದು. ಅಯ್ಯಾವೊಳೆಯ ಐನೂರ್ವರು ಎಂದು ಹೆಸರಾದ, ಐಹೊಳೆಯನ್ನು ಮೂಲಸ್ಥಾನವೆಂದು ಹೇಳಿಕೊಳ್ಳುತ್ತಿದ್ದ ವರ್ತಕ ಸಂಘದವರು ತಮ್ಮ ಪ್ರಶಸ್ತಿಗಳಲ್ಲಿ, ಅಂದರೆ ಶಾಸನದ ಮೊದಲಿಗೆ ಬರುವ ಬಿರುದಾವಳಿಗಳಲ್ಲಿ, ಸತ್ಯ, ಶುಚಿತ್ವ ಮತ್ತು ಸದಾಚಾರಗಳನ್ನು ತಮ್ಮ ಗುಣಗಳೆಂದು ಸಾರಿಕೊಂಡರು. ಈಗಿನ ಕಣ್ಣಿಗೆ ಅದು ಜಾಹೀರಾತಿನಂತೆಯೇ ಕಾಣುತ್ತದೆ. ಆದರೆ ಆ ಕಾಲದ ಶಾಸನಗಳ ಕೊನೆಯಲ್ಲಿ ತಪ್ಪದೆ ಬರುವ ಶಾಪಾಶಯವು, ಕೊಟ್ಟ ಮಾತಿಗೆ ತಪ್ಪಿದವನು ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಗುರಿಯಾಗುವನೆಂದೋ ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗುವನೆಂದೋ ಎಚ್ಚರಿಸುತ್ತದೆ. ದಂಡನೆಯ ಮಾತು ಹೀಗೆ ಬರಹದೊಳಗೇ ಸೇರಿರುತ್ತಿತ್ತು.

ಮುಂದಿನ ಶತಮಾನಗಳಲ್ಲಿ ಕಲ್ಲಿನ ಜಾಗಕ್ಕೆ ಕಾಗದ ಬಂತು. ದಿನದಿನದ ಜಮಾ-ಖರ್ಚನ್ನು ಬರೆಯುವ ಕೀರ್ದಿ, ಆಸಾಮಿವಾರು ಲೆಕ್ಕವಿಡುವ ಖತಾವಣಿ, ದೂರದ ಊರಿನಲ್ಲಿ ಹಣ ಪಾವತಿಸುವಂತೆ ತನ್ನ ಪ್ರತಿನಿಧಿಗೆ ಆದೇಶ ಕೊಡುವ ಹುಂಡಿ, ಈ ಮೂರೂ ವ್ಯಾಪಾರಿಯ ಮರ್ಯಾದೆಯ ಅಳತೆಗೋಲುಗಳಾಗಿದ್ದವು. ಯಾರ ಹುಂಡಿಯು ತಕರಾರಿಲ್ಲದೆ ಸಲ್ಲುತ್ತದೋ ಅವನೇ ಸಾಹುಕಾರ. ದೀಪಾವಳಿ ಪಾಡ್ಯದಂದು ಲೆಕ್ಕದ ಪುಸ್ತಕಗಳಿಗೆ ಪೂಜೆ ಸಲ್ಲುವ ರೂಢಿ ಈ ಭಾಗದ ಅಂಗಡಿಗಳಲ್ಲಿ ಇಂದಿಗೂ ಇದೆ. ಆದರೆ ಒಂದು ತೊಡಕನ್ನು ಮರೆಯಲಾಗದು: ಮರಾಠಾ ಆಡಳಿತದ ಪ್ರಭಾವದಿಂದ ಈ ಪ್ರದೇಶದ ದಫ್ತರಗಳು ಬಹುಕಾಲ ಮೋಡಿ ಲಿಪಿಯಲ್ಲಿದ್ದವು, ಕೈಯೆತ್ತದೆ ಬರೆಯುವ ಮರಾಠಿಯ ಆ ಶೀಘ್ರಲಿಪಿಯಲ್ಲಿ ತನ್ನ ಹೆಸರಿಗೆ ಎಷ್ಟು ಬರೆದಿದೆ ಎಂಬುದನ್ನು ಕನ್ನಡ ಬಲ್ಲ ಒಕ್ಕಲಿಗನಿಗೂ ಓದಲಾಗುತ್ತಿರಲಿಲ್ಲ. ಕಾಗದವೊಂದರ ಸಾಚಾತನವು ರಾಜ್ಯವನ್ನೇ ಅಲ್ಲಾಡಿಸಿದ ಉದಾಹರಣೆಯೂ ಇಲ್ಲಿಯದೇ. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರ ದೇಸಾಯಿ ತೀರಿಕೊಂಡಾಗ, ದತ್ತಕದ ಪತ್ರದಲ್ಲಿದ್ದ ರುಜುವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಶಂಕಿಸಿದನು. ಆ ಶಂಕೆಯಿಂದ ಬೆಳೆದ ವಿವಾದವೇ ಯುದ್ಧವಾಗಿ, ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಥ್ಯಾಕರೆಯೇ ಹತನಾದನು.

ಹತ್ತಿಯ ವ್ಯಾಪಾರದಲ್ಲಿ ಬರಹದ ಪ್ರಶ್ನೆ ತೀವ್ರವಾದದ್ದು 19ನೆಯ ಶತಮಾನದ ನಡುವಿನಲ್ಲಿ. ಈ ನೆಲದ ದೇಶಿ ಹತ್ತಿಯು ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರಿನಿಂದ ಮುಂಬೈಗೆ ಸಾಗುತ್ತಿದ್ದುದರಿಂದ, ಅದನ್ನು ಬೆಳೆಯದ ಬಂದರಿನ ಹೆಸರೇ ಅದಕ್ಕೆ ಅಂಟಿಕೊಂಡು, ಮುಂಬೈ ಮತ್ತು ಲಿವರ್‌ಪೂಲ್ ಪೇಟೆಗಳಲ್ಲಿ ಅದು ಕುಮಟಾ ಹತ್ತಿ ಎನಿಸಿಕೊಂಡಿತು. 1880ರ ದಶಕದಲ್ಲಿ ರೈಲು ಬಂದು, ಸರಕು ಮರ್ಮಗೋವಾದ ದಾರಿ ಹಿಡಿದು, ಕುಮಟಾ ಬಂದರು ಸೊರಗಿದ ಮೇಲೂ ಆ ಹೆಸರು ಅಳಿಯಲಿಲ್ಲ. ಗಿರಾಕಿಯ ಮನಸ್ಸಿನಲ್ಲಿ ಒಮ್ಮೆ ನೆಲೆಯೂರಿದ ಗುರುತನ್ನು ಬದಲಿಸುವಷ್ಟು ಹುಂಬತನವನ್ನು ಯಾವ ವ್ಯಾಪಾರಿಯೂ ತೋರಲಿಲ್ಲ. ಇನ್ನೊಂದು ತಳಿ ಧಾರವಾಡ ಅಮೆರಿಕನ್. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿಕೊಂಡು ನಡೆಸಿದ ಪ್ರಯೋಗಗಳ ಪೈಕಿ ಗಟ್ಟಿಯಾಗಿ ನೆಲೆಯೂರಿದ್ದು ಧಾರವಾಡ ಸೀಮೆಯದು.

ಈ ಎರಡು ತಳಿಗಳ ವ್ಯತ್ಯಾಸವೇ ಮುಂದಿನ ಮೋಸಕ್ಕೆ ದಾರಿಯಾಯಿತು. ದೇಶಿ ಹತ್ತಿಯ ಕಾಳಿನಿಂದ ಅರಳೆಯನ್ನು ಬಿಡಿಸಲು ಒಂದು ಚಪ್ಪಟೆ ಕಲ್ಲು ಮತ್ತು ಒಂದು ಕಬ್ಬಿಣದ ಸರಳು ಸಾಕಿತ್ತು: ಹೆಂಗಸರು ಗಿಡ್ಡ ಮಣೆಯ ಮೇಲೆ ಕುಳಿತು, ಪಾದಕ್ಕೆ ಮರದ ಅಟ್ಟೆ ಕಟ್ಟಿಕೊಂಡು, ಸರಳನ್ನು ಕಲ್ಲಿನ ಮೇಲೆ ಹಿಂದೆ ಮುಂದೆ ಉರುಳಿಸುತ್ತ ಅರಳೆಯನ್ನು ಒಂದು ಕಡೆಗೂ ಕಾಳನ್ನು ಇನ್ನೊಂದು ಕಡೆಗೂ ಬೀಳಿಸುತ್ತಿದ್ದರು. ಅಮೆರಿಕನ್ ಹತ್ತಿಯ ಎಳೆಯಾದರೋ ಕಾಳನ್ನು ಬಿಗಿಯಾಗಿ ಹಿಡಿದಿರುವುದರಿಂದ ಅದಕ್ಕೆ ಗರಗಸದ ಹಲ್ಲುಗಳಿರುವ ಯಂತ್ರವೇ ಬೇಕಾಗಿತ್ತು. 1861ರಲ್ಲಿ ಆರಂಭವಾದ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತುಹೋಗಿ, ಮುಂಬೈ ಪೇಟೆಯಲ್ಲಿ ಧಾರಣೆ ಹಿಂದೆಂದೂ ಕಾಣದಷ್ಟು ಏರಿದಾಗ, ತೂಕವೊಂದೇ ಲೆಕ್ಕಕ್ಕೆ ಬಂದು ಗುಣ ಹಿಂದೆ ಸರಿಯಿತು. ದೇಶಿ ಹತ್ತಿಯನ್ನು ಅಮೆರಿಕನ್ ಹತ್ತಿಯೊಂದಿಗೆ ಬೆರೆಸುವುದು, ಅರಳೆಗೆ ನೀರು ಚಿಮುಕಿಸುವುದು, ಕಾಳು, ಎಲೆಕಸ ಮತ್ತು ಮಣ್ಣನ್ನು ಅಂಡಿಗೆಯ ನಡುವೆ ತುಂಬಿ ಹೊರಮೈಗೆ ಮಾತ್ರ ಬಿಳಿಯ ಅರಳೆಯನ್ನು ಹಾಸುವುದು ಮೊದಲಾದ ಕಲಬೆರಕೆಗಳು ಹೆಚ್ಚಿದವು. ಅಂಡಿಗೆಯೆಂದರೆ ಅರಳೆಯನ್ನು ತುಳಿದು ತುಂಬಿದ ದೊಡ್ಡ ಚೀಲ. ಅದನ್ನು ಬಿಚ್ಚದೆ ಒಳಗನ್ನು ತಿಳಿಯುವ ಉಪಾಯ ಯಾರಿಗೂ ಇರಲಿಲ್ಲ.

ಇದರ ನಿಯಂತ್ರಣಕ್ಕಾಗಿ ಮುಂಬೈ ಸರ್ಕಾರವು 1863ರಲ್ಲಿ ಹತ್ತಿ ಕಲಬೆರಕೆಯ ವಿರುದ್ಧ ಕಾನೂನು ತಂದು, ಇನ್‌ಸ್ಪೆಕ್ಟರರನ್ನು ನೇಮಿಸಿ, ಪ್ರೆಸ್‌ಗಳಿಗೆ, ಅಂದರೆ ಅರಳೆಯನ್ನು ಒತ್ತಿ ಬೇಲು ಕಟ್ಟುವ ಕಾರ್ಖಾನೆಗಳಿಗೆ ಪರವಾನಗಿ ಕಡ್ಡಾಯ ಮಾಡಿತು. ಸರ್ಕಾರವೇ ಹತ್ತಿಯ ಜಾಮೀನುದಾರನಾಗಲು ಹೊರಟ ಈ ಪ್ರಯತ್ನವನ್ನು ಮುಂಬೈಯ ವರ್ತಕರು ಮೆಚ್ಚಲಿಲ್ಲ. ತಪಾಸಣೆಯ ಶುಲ್ಕ ಬಿದ್ದದ್ದು ಪ್ರಾಮಾಣಿಕನ ಮೇಲೂ, ಕಿರುಕುಳವಾದದ್ದು ಎಲ್ಲರಿಗೂ. 1878ರಲ್ಲಿ ಹೊಸ ರೂಪ ಪಡೆದ ಕಾನೂನು 1882ರಲ್ಲಿ ರದ್ದಾಯಿತು. ಇದನ್ನು ಪೂರ್ತಿ ಸೋಲೆನ್ನುವುದು ಸರಿಯಾಗದಿದ್ದರೂ, ನೂರಾರು ಹಳ್ಳಿಗಳಲ್ಲಿ ನಡೆಯುವ ಬೆರಕೆಯನ್ನು ಕೆಲವೇ ಅಧಿಕಾರಿಗಳ ಕಣ್ಣು ತಡೆಯಬಲ್ಲದೆಂಬ ಎಣಿಕೆಯಂತೂ ಬರಿಯ ಭ್ರಮೆಯಾಗಿತ್ತು.

ಬೇರೆ ಬಗೆಯ ಉಪಾಯ ಹೊಳೆದದ್ದು 1920ರ ದಶಕದಲ್ಲಿ. ಭಾರತೀಯ ಕೇಂದ್ರೀಯ ಹತ್ತಿ ಸಮಿತಿ ಸ್ಥಾಪನೆಯಾದ ಬಳಿಕ, 1923ರ ಹತ್ತಿ ಸಾಗಣೆ ಕಾಯ್ದೆಯು ಒಳ್ಳೆಯ ಹತ್ತಿ ಬೆಳೆಯುವ ಪ್ರದೇಶಗಳಿಗೆ ಹೊರಗಿನ ಕೀಳು ಹತ್ತಿಯನ್ನು ತಂದು ಬೆರೆಸುವುದನ್ನು ತಡೆಯಿತು. 1925ರ ಜಿನ್ನಿಂಗ್ ಮತ್ತು ಪ್ರೆಸಿಂಗ್ ಕಾರ್ಖಾನೆಗಳ ಕಾಯ್ದೆಯು ಪ್ರತಿಯೊಂದು ಬೇಲಿನ ಮೇಲೂ ಆಯಾ ಪ್ರೆಸ್‌ಗೆ ಗೊತ್ತುಮಾಡಿದ ಗುರುತನ್ನೂ ಕ್ರಮಸಂಖ್ಯೆಯನ್ನೂ ಒತ್ತಬೇಕೆಂದು ವಿಧಿಸಿತು. ಹತ್ತಿ ಉತ್ತಮವೋ ಅಧಮವೋ ಎಂದು ಈ ಗುರುತು ಹೇಳುತ್ತಿರಲಿಲ್ಲ. ಅದು ಹೇಳುತ್ತಿದ್ದುದು ಇಷ್ಟೇ: ಈ ಬೇಲನ್ನು ಕಟ್ಟಿದ್ದು ಇಂಥ ಪ್ರೆಸ್ಸು. ಗಿರಣಿಯಲ್ಲಿ ಬೇಲನ್ನು ಬಿಚ್ಚಿದಾಗ ಒಳಗೆ ಕಲ್ಲು ಸಿಕ್ಕರೆ ಆ ಕಲ್ಲಿಗೆ ಒಬ್ಬ ವಾರಸುದಾರ ಇರುತ್ತಿದ್ದನು. ಇನ್‌ಸ್ಪೆಕ್ಟರರ ಒಂದು ಇಲಾಖೆಯಿಂದ ಆಗದ ಕೆಲಸವನ್ನು ಮಸಿಯಲ್ಲಿ ಒತ್ತಿದ ಅಕ್ಷರ ಮತ್ತು ಅಂಕಿಗಳಿಗೆ ಒಪ್ಪಿಸಿದ್ದು ಈ ಇತಿಹಾಸದ ಅತ್ಯಂತ ಜಾಣತನದ ಹೆಜ್ಜೆ ಎನ್ನಬೇಕು.

ಆದರೆ ಈ ಏರ್ಪಾಡೆಲ್ಲ ದೂರದ ಗಿರಾಕಿಯ ಸಲುವಾಗಿ ಹುಟ್ಟಿದ್ದು. ಗಾಡಿ ಹೂಡಿಕೊಂಡು ಪೇಟೆಗೆ ಬಂದ ಒಕ್ಕಲಿಗನಿಗೆ ಅಂಥ ಯಾವ ಬರಹದ ಆಸರೆಯೂ ಇರಲಿಲ್ಲ. ಅಡತಿ ಅಂಗಡಿಯವನು, ಅಂದರೆ ಕಮಿಶನ್ ಪಡೆದು ರೈತನ ಪರವಾಗಿ ಮಾಲು ಮಾರುವವನು, ಅನೇಕ ವೇಳೆ ಅವನಿಗೆ ಸಾಲ ಕೊಟ್ಟವನೂ ಆಗಿದ್ದನು. ಧಾರಣೆ ಗೊತ್ತಾಗುತ್ತಿದ್ದುದು ಬಟ್ಟೆಯ ಮರೆಯಲ್ಲಿ: ದಲಾಲ ಮತ್ತು ಖರೀದಿದಾರರು ಟವೆಲಿನ ಕೆಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಒತ್ತಿ ದರ ಸೂಚಿಸಿದರೆ, ಮಾಲಿನ ಒಡೆಯನು ಪಕ್ಕದಲ್ಲಿ ನಿಂತು ಅವರ ಮುಖ ನೋಡಬೇಕಾಗಿತ್ತು. ತೂಕದಲ್ಲಿ ಬಿಡುವ ಸೂಟು, ಹಮಾಲಿ, ದಲಾಲಿ, ಧರ್ಮಾದಾಯ, ಸ್ಯಾಂಪಲ್ಲಿನ ಹೆಸರಿನಲ್ಲಿ ತೆಗೆದ ಬೊಗಸೆಗಟ್ಟಲೆ ಹತ್ತಿ, ಇವೆಲ್ಲ ಕಳೆದು ಉಳಿದದ್ದು ಅವನ ಪಾಲು. ಲಾರ್ಡ್ ಲಿನ್‌ಲಿತ್‌ಗೋ ಅಧ್ಯಕ್ಷತೆಯ ರಾಯಲ್ ಕೃಷಿ ಆಯೋಗವು 1928ರ ವರದಿಯಲ್ಲಿ ದೇಶದ ಪೇಟೆಗಳ ಇಂಥ ದುರ್ವ್ಯವಹಾರಗಳನ್ನು ಪಟ್ಟಿಮಾಡಿತು. ಹೋಲಿಕೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡದ ಜಾತ್ರೆಯನ್ನು ನೋಡಬಹುದು. ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಗಳಲ್ಲಿ ನೆರೆಯುವ ಆ ಜನಜಂಗುಳಿಯಲ್ಲಿ ಬಳೆ, ಕುಂಕುಮ, ಭಂಡಾರಗಳನ್ನು ಕೊಳ್ಳುವವರು ಮುಟ್ಟಿ ನೋಡಿ, ಚೌಕಾಸಿ ಮಾಡಿ ಕೊಳ್ಳುತ್ತಾರೆ. ಅಲ್ಲಿ ಬರಹದ ಅಗತ್ಯವೇ ಬೀಳುವುದಿಲ್ಲ.

1927ರ ಮುಂಬೈ ಹತ್ತಿ ಮಾರುಕಟ್ಟೆ ಕಾಯ್ದೆ, ಅದನ್ನು ಬೇರೆ ಉತ್ಪನ್ನಗಳಿಗೂ ವಿಸ್ತರಿಸಿದ 1939ರ ಕಾಯ್ದೆ, ಏಕೀಕರಣದ ನಂತರ ಬಂದ 1966ರ ಕರ್ನಾಟಕ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ, ಇವುಗಳ ಸಾರವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಟವೆಲಿನ ಕೆಳಗಿದ್ದ ದರ ಹೊರಗೆ ಬಂತು. ಬಹಿರಂಗ ಹರಾಜು ಅಥವಾ ಟೆಂಡರ್ ಚೀಟಿ, ಪರವಾನಗಿ ಪಡೆದ ತೂಕದವರು, ತೂಕ, ದರ ಮತ್ತು ಕಡಿತಗಳನ್ನು ಬಿಡಿಬಿಡಿಯಾಗಿ ಬರೆದು ರೈತನ ಕೈಗೆ ಕೊಡಬೇಕಾದ ಲೆಕ್ಕ ತಿರುವಳಿ ಚೀಟಿ, ಈ ವ್ಯವಸ್ಥೆಯ ಅಂಗಗಳು. ಮೋಸ ಪೂರ್ತಿ ನಿಂತಿತೆಂದು ಯಾರೂ ಹೇಳಲಾರರು. ಆದರೆ ತಕರಾರು ತೆಗೆಯಲು ಬೇಕಾದ ಕಾಗದವೊಂದು ಒಕ್ಕಲಿಗನ ಕಿಸೆಗೆ ಬಂದದ್ದು ಸಣ್ಣ ಸಂಗತಿಯಲ್ಲ.

ಸ್ವಾತಂತ್ರ್ಯೋತ್ತರ ಕಾಲದಲ್ಲಿ ರೈತನು ಮಾರುವವನಷ್ಟೇ ಅಲ್ಲದೆ ದೊಡ್ಡ ಗಿರಾಕಿಯೂ ಆದನು. ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು ರೂಪಿಸಿದ, ಎರಡು ಬೇರೆ ಜಾತಿಗಳನ್ನು ಕೂಡಿಸಿ ಪಡೆದ ವರಲಕ್ಷ್ಮಿ ಎಂಬ ಸಂಕರಣ ಹತ್ತಿಯು 1972ರಲ್ಲಿ ಬಿಡುಗಡೆಯಾದ ಮೇಲೆ, ಹಿಂದಿನ ವರ್ಷದ ಕಾಳನ್ನೇ ಬಿತ್ತುವ ಪದ್ಧತಿ ಸಡಿಲಿ, ವರ್ಷವರ್ಷವೂ ಬೀಜ ಕೊಳ್ಳುವ ಪದ್ಧತಿ ಬೇರೂರಿತು. 2002ರಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿಯೊಂದಿಗೆ ಅದು ಪೂರ್ಣವಾಯಿತು. ಬೀಜವಾದರೋ ನೋಡಿ ತಿಳಿಯಲಾಗದ ಸರಕು. ಅದರ ಗುಣ ತಿಳಿಯುವ ಹೊತ್ತಿಗೆ ಹಂಗಾಮು ಮುಗಿದಿರುತ್ತದೆ. ಆದ್ದರಿಂದಲೇ 1966ರ ಬೀಜ ಕಾಯ್ದೆಯು ತಳಿಯ ಹೆಸರು, ಮೊಳಕೆಯ ಪ್ರಮಾಣ, ಶುದ್ಧತೆಗಳನ್ನು ಚೀಲದ ಮೇಲೆ ನಿಜವಾಗಿ ನಮೂದಿಸುವುದನ್ನು ಕಡ್ಡಾಯ ಮಾಡಿತು. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತದೆ. ಉಳಿದದ್ದು ಮಾರಾಟಗಾರನ ಸ್ವಂತ ಹೊಣೆಯ ಲೇಬಲ್ಲು. ಚೀಲದ ಮೇಲಿನ ಬಿರಿದ ಹತ್ತಿಯ ಬಣ್ಣದ ಚಿತ್ರಕ್ಕಿಂತ ಈ ಚಿಕ್ಕ ಅಕ್ಷರಗಳಿಗೆ ತೂಕ ಹೆಚ್ಚು. ಕಳಪೆ ಬೀಜದಿಂದ ನಷ್ಟವಾದ ರೈತನೂ ಗ್ರಾಹಕನೇ, ಗ್ರಾಹಕ ವೇದಿಕೆಯಲ್ಲಿ ಪರಿಹಾರ ಕೇಳಬಹುದು ಎಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ತೀರ್ಪು ಕೊಟ್ಟಿದೆ. ಆ ಹಕ್ಕು ಉಪಯೋಗಕ್ಕೆ ಬರಬೇಕಾದರೆ ಬಿತ್ತನೆಯ ದಿನ ಒಡೆದ ಚೀಲವನ್ನು, ಅದರ ಚೀಟಿಯನ್ನು ಮತ್ತು ಅಂಗಡಿಯ ರಸೀದಿಯನ್ನು ಬದುವಿನಲ್ಲಿ ಎಸೆಯದೆ, ಬೆಳೆ ಮನೆಗೆ ಬರುವವರೆಗೆ ಜೋಪಾನವಾಗಿ ಇಡಬೇಕು.