ಡೆನ್ವರ್‌ನ ತೂಬು ಮತ್ತು ಕುಸಿದ ನೆಲ

ಡೆನ್ವರ್ ಅಂದ ಕೂಡಲೇ ಅಮೆರಿಕದಲ್ಲಿರೋ ಗೆಳೆಯರು "ಓ, ಕೊಲರಾಡೋ!" ಅಂದ್ಕೋಬೇಡಿ :) ನಾನು ಹೇಳಹೊರಟಿರೋದು ಇಂಗ್ಲೆಂಡಿನ ನಾರ್ಫೋಕ್‌ನಲ್ಲಿರೋ ಒಂದು ಪುಟ್ಟ ಹಳ್ಳಿಯ ಬಗ್ಗೆ. ಕೇಂಬ್ರಿಜ್‌ನಿಂದ ಉತ್ತರಕ್ಕೆ ಹೋದರೆ ಫೆನ್ಸ್ ಅನ್ನೋ ಸೀಮೆ ಸಿಗುತ್ತೆ. ಗುಡ್ಡ ಅನ್ನೋದು ಹುಡುಕಿದರೂ ಇಲ್ಲ. ಗೆರೆ ಎಳೆದಂತೆ ನೇರವಾದ ಕಾಲುವೆಗಳು, ಕಪ್ಪು ಮಣ್ಣಿನ ಹೊಲಗಳು, ಮೇಲೆ ಬರೀ ಆಕಾಶ. ನಮ್ಮೂರಲ್ಲಿ ಕಾಲುವೆ ಅಂದ್ರೆ ಹೊಲಕ್ಕೆ ನೀರು ತರೋದು. ಇಲ್ಲಿಯ ಕಾಲುವೆ ಹೊಲದಿಂದ ನೀರನ್ನ ಹೊರಗೆ ಸಾಗಹಾಕೋದು! ಇದನ್ನ ಅರ್ಥ ಮಾಡ್ಕೊಳ್ಳೋಕೇ ನನಗೆ ಸ್ವಲ್ಪ ಹೊತ್ತು ಹಿಡೀತು.

17ನೇ ಶತಮಾನದವರೆಗೂ ಇದೆಲ್ಲ ಜೌಗು. ಅಲ್ಲಿನ ಬಡಜನ ಮೀನು, ಹಾವುಮೀನು, ಕಾಡುಬಾತು ಹಿಡಿದು, ಜೊಂಡು ಕೊಯ್ದು, ಬೇಸಿಗೇಲಿ ದನ ಮೇಯಿಸಿ ಬದುಕ್ತಿದ್ರು. 1630ರಲ್ಲಿ ಬೆಡ್‌ಫರ್ಡ್‌ನ ನಾಲ್ಕನೇ ಅರ್ಲ್ ಫ್ರಾನ್ಸಿಸ್ ಈ ನೆಲ ಒಣಗಿಸೋ ಕೆಲಸಕ್ಕೆ ಕೈ ಹಾಕಿದ. ದುಡ್ಡು ಹಾಕಿದವರಿಗೆ ಒಣಗಿದ ನೆಲದಲ್ಲಿ ಪಾಲು. ಡಚ್ ಎಂಜಿನಿಯರ್ ಕಾರ್ನೀಲಿಯಸ್ ವರ್ಮುಯ್ಡನ್ ಅಗೆಸಿದ 21 ಮೈಲಿಯ ಓಲ್ಡ್ ಬೆಡ್‌ಫರ್ಡ್ ಕಾಲುವೆ 1637ಕ್ಕೆ ಮುಗೀತು. ಅದು ಸಾಲಲಿಲ್ಲ. 1651ರಲ್ಲಿ ಅದರ ಪಕ್ಕದಲ್ಲೇ ನೂರಡಿ ಅಗಲದ ನ್ಯೂ ಬೆಡ್‌ಫರ್ಡ್ ಬಂತು. ಅಗೆದವರಲ್ಲಿ ಡನ್‌ಬಾರ್ ಯುದ್ಧದಲ್ಲಿ ಸೆರೆಸಿಕ್ಕ ಸ್ಕಾಟ್ ಸೈನಿಕರೂ ಇದ್ರು. ಜೌಗನ್ನೇ ನಂಬಿದ್ದ ಜನ ಸುಮ್ಮನಿರಲಿಲ್ಲ, ದಂಗೆ ಎದ್ದರು, ಏರಿಗಳನ್ನ ಒಡೆದರು. ಆದರೆ ಸೋತರು.

ಇವೆಲ್ಲ ಬಂದು ಕೂಡೋ ಜಾಗವೇ ಡೆನ್ವರ್. ಈಲಿ ಕಡೆಯಿಂದ ಹಳೇ ಗ್ರೇಟ್ ಊಸ್ ನದಿ, ಪಕ್ಕದಲ್ಲಿ ನ್ಯೂ ಬೆಡ್‌ಫರ್ಡ್. ಅಲ್ಲಿಂದ ಸುಮಾರು ಅರ್ಧ ಮೈಲಿ ಕೆಳಗೆ ಸಾಲ್ಟರ್ಸ್ ಲೋಡ್‌ನಲ್ಲಿ ಓಲ್ಡ್ ಬೆಡ್‌ಫರ್ಡ್, ಮತ್ತೆ ಒಳನಾಡಿನ ದೋಣಿ ಕಾಲುವೆಗಳ ಬಾಗಿಲು. ವರ್ಮುಯ್ಡನ್ 1651ರಲ್ಲಿ ಹಳೇ ನದಿಗೆ ಅಡ್ಡಲಾಗಿ ಇಲ್ಲೊಂದು ತೂಬು ಕಟ್ಟಿಸಿದ. ಸಮುದ್ರದ ಉಬ್ಬರ ಬಂದಾಗ ಮುಚ್ಚೋದು, ಇಳಿತದಲ್ಲಿ ತೆಗೆದು ನದಿಯ ನೀರು ಬಿಡೋದು. ಅಷ್ಟೇ ಉಪಾಯ.

ಜಗಳ ಶುರುವಾಗಿದ್ದೂ ಅಲ್ಲೇ. ಈ ತೂಬಿನಿಂದ ನದಿಯಲ್ಲಿ ಹೂಳು ತುಂಬಿ ದೋಣಿ ಓಡಾಟ ಕೆಟ್ಟಿತು ಅಂತ ಕೇಂಬ್ರಿಜ್, ಕಿಂಗ್ಸ್ ಲಿನ್‌ನ ವ್ಯಾಪಾರಸ್ಥರ ದೂರು. ತೂಬಿಲ್ಲದಿದ್ರೆ ಹೊಲ ಮುಳುಗುತ್ತೆ ಅಂತ ಜಮೀನಿನವರ ವಾದ. 1713ರಲ್ಲಿ ತೂಬೇ ಕುಸಿದುಬಿತ್ತು! ಉಬ್ಬರದ ನೀರು ಒಳಗೆ ನುಗ್ಗಿತು. ಚಾರ್ಲ್ಸ್ ಲೇಬ್ಲೀ ಅದನ್ನ ಮತ್ತೆ ಕಟ್ಟಿ ಮುಗಿಸೋ ಹೊತ್ತಿಗೆ 1750. ಈಗಿನದರ ಮೂಲ 1834ರಲ್ಲಿ ಸರ್ ಜಾನ್ ರೆನ್ನಿ ಕಟ್ಟಿದ್ದು. 1947ರ ಮಾರ್ಚ್‌ನ ಭಾರೀ ನೆರೆಯ ನಂತರ ಇನ್ನೆರಡು ದೊಡ್ಡ ಕಾಲುವೆ ತೋಡಿದರು. ಅದು ಮುಗಿದಿದ್ದು 1964ರಲ್ಲಿ.

ನನ್ನನ್ನ ಕಾಡಿದ್ದು ಇದ್ಯಾವುದೂ ಅಲ್ಲ. ಅಲ್ಲಿಯ ಕಪ್ಪು ಮಣ್ಣು ಸಾವಿರಾರು ವರ್ಷ ನೀರಲ್ಲಿ ನೆನೆದ ಗಿಡಗಂಟಿಯಿಂದ ಆದದ್ದು. ನೀರು ತೆಗೆದ ಕೂಡಲೇ ಅದು ಕುಗ್ಗುತ್ತೆ, ಗಾಳಿ ತಾಗಿ ಕರಗುತ್ತೆ. ಹೋಮ್ ಫೆನ್‌ನಲ್ಲಿ 1851ರಲ್ಲಿ ಒಂದು ಕಬ್ಬಿಣದ ಕಂಬವನ್ನ ತುದಿ ನೆಲಕ್ಕೆ ಸಮ ಇರೋ ಹಾಗೆ ಹೂತಿದ್ರು. ಇವತ್ತು ಅದು ಸುಮಾರು ನಾಲ್ಕು ಮೀಟರ್ ಮೇಲೆ ನಿಂತಿದೆ. ಕಂಬ ಎದ್ದಿಲ್ಲ, ನೆಲವೇ ಇಳಿದಿದೆ. ಹಾಗಾಗಿ ಈಗ ಎಷ್ಟೋ ಕಡೆ ನದಿ ಮೇಲೆ, ಹೊಲ ಕೆಳಗೆ. ಗಾಳಿಯಂತ್ರ ಹೋಗಿ ಉಗಿಯಂತ್ರ, ಆಮೇಲೆ ಡೀಸೆಲ್, ಕರೆಂಟು. ಪಂಪು ನಿಲ್ಲಿಸಿದರೆ ಜೌಗು ವಾಪಸ್. ಓಡಿಸಿದರೆ ನೆಲ ಇನ್ನೂ ಕೆಳಗೆ.

ಒಂದ್ಸಲ ನೀರಿನ ಜೊತೆ ಜಗಳ ತೆಗೆದ ಮೇಲೆ ಬಿಟ್ಟು ಬರೋಕಾಗಲ್ಲ ಅನ್ನೋದು ಡೆನ್ವರ್ ಕಲಿಸಿದ ಪಾಠ. ಏರಿ ಒಡೆದ ಆ ಜನರನ್ನ ಆಗಿನ ದೊಡ್ಡವರು ತಿಳಿಗೇಡಿಗಳು ಅಂದ್ಕೊಂಡ್ರು. ನನಗೇಕೋ ಹಾಗನ್ನಿಸ್ತಿಲ್ಲ...

ಅಂದಹಾಗೆ ಇದೇ ಓಲ್ಡ್ ಬೆಡ್‌ಫರ್ಡ್ ಕಾಲುವೆಯಲ್ಲಿ ನಿಂತು 1838ರಲ್ಲಿ ಒಬ್ಬ ಮಹಾಶಯ ಭೂಮಿ ಚಪ್ಪಟೆ ಅಂತ ಸಾಧಿಸೋಕೆ ಹೊರಟಿದ್ದ. ಆ ಕಥೆ ಇನ್ನೊಮ್ಮೆ :)